ಮನೆಯಲ್ಲಿ ಬೀಜ ಬಿತ್ತಿ ಮಕ್ಕಳಿಗೆ ಶಾಲೆಯ ಪಾಠ ಕಲಿಸಬಹುದಾ?

ಏಳು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳಿದ್ದಾರೆ, ನಾಲ್ಕು ಕುಂಡ ಇಡುವಷ್ಟೇ ಜಾಗವಿದೆ, ಬೀಜ ಬಿತ್ತಿಸಿ ಗಣಿತ, ವಿಜ್ಞಾನ ಕಲಿಸಬಹುದು ಅಂತಾರಲ್ಲ, ಅದು ನಿಜವಾಗಿ ಆಗುತ್ತಾ ಎಂದು ಕೇಳಿದ್ದೀರಿ. ಆಗುತ್ತದೆ. ನನ್ನ ಮಗಳು ಮತ್ತು ಮಗನ ಜೊತೆ ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಆದರೆ ಮೊದಲ ಸಲ ಕೆಟ್ಟುಹೋಯಿತು. ಅದನ್ನೇ ಮೊದಲು ಹೇಳುತ್ತೇನೆ.

ಆಗ ನಾನು ಪಾಠ ಹೇಳಿ, ಆಮೇಲೆ ಗಿಡ ತೋರಿಸುತ್ತಿದ್ದೆ. ಇದು ಬೇರು, ಇದು ಕಾಂಡ, ಚಿತ್ರ ಬಿಡಿಸು, ಹೆಸರು ಬರೆ, ಒತ್ತಕ್ಷರ ತಪ್ಪಿದೆ ನೋಡು. ಒಂದೇ ವಾರಕ್ಕೆ ಮಗಳು ಕುಂಡದ ಹತ್ತಿರ ಹೋಗುವುದನ್ನೇ ಬಿಟ್ಟಳು. ಶಾಲೆ ಮುಗಿಸಿ ಬಂದ ಮಗುವನ್ನು ಮತ್ತೆ ಶಾಲೆಗೆ ಕೂರಿಸಿದ್ದೆ, ಅಷ್ಟೇ. ಮುಂದಿನ ಸಲ ಒಂದೇ ಒಂದು ವಿಷಯ ಬದಲಾಯಿಸಿದೆ. ಏನು ಮಾಡುವುದಕ್ಕೂ ಮೊದಲು ‘ಏನಾಗುತ್ತೆ ಅನ್ಸುತ್ತೆ?’ ಎಂದು ಕೇಳಿ, ಅವರ ಊಹೆಯನ್ನು ಅವರ ಕೈಯಲ್ಲೇ ಬರೆಸಿದೆ. ಬರೆದದ್ದನ್ನು ಆಮೇಲೆ ಅಳಿಸುವ ಹಾಗಿಲ್ಲ. ನಾನೂ ನನ್ನ ಊಹೆ ಬರೆಯುತ್ತೇನೆ.

ಶುರು ಮಾಡಲು ಮಣ್ಣೂ ಬೇಡ. ಹತ್ತು ಅಲಸಂದೆ ಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಷ್ಟು ಮೊಳೆಯುತ್ತವೆ? ನನ್ನ ಮಗ ‘ಹತ್ತೂ’ ಎಂದು ಬರೆದ. ಮೊಳೆತದ್ದು ಏಳು. ಉಳಿದ ಮೂರಕ್ಕೆ ಏನಾಯ್ತು ಎಂದು ಎರಡು ದಿನ ನನ್ನನ್ನು ಬಿಡಲಿಲ್ಲ. ಒಂದನ್ನು ಬಿಡಿಸಿ ನೋಡಿದೆವು. ಒಳಗೆ ಹುಳು ಕೊರೆದಿತ್ತು. ಹತ್ತಕ್ಕೆ ಏಳು ಅಂದರೆ ನೂರಕ್ಕೆ ಎಪ್ಪತ್ತು. ಹಾಗಾದರೆ ನಮಗೆ 35 ಗಿಡ ಬೇಕಿದ್ದರೆ ಎಷ್ಟು ಕಾಳು ಹಾಕಬೇಕು? ಕಾಳುಗಳನ್ನು ನೆಲದ ಮೇಲೆ ಹತ್ತರ ಗುಂಪುಗಳಾಗಿ ಜೋಡಿಸಿ, 50 ಎಂದು ಅವನೇ ಕಂಡುಕೊಂಡ. ಹತ್ತೂ ಮೊಳೆತಿದ್ದರೆ ಈ ಲೆಕ್ಕವೇ ಹುಟ್ಟುತ್ತಿರಲಿಲ್ಲ ಅಲ್ವಾ?

ಆಮೇಲೆ ಒಂದೇ ಕುಂಡದಲ್ಲಿ ಅಲಸಂದೆ ಮತ್ತು ಕಡಲೆಕಾಳು ಅಕ್ಕಪಕ್ಕ ಹಾಕಿ. ಅಲಸಂದೆ ತನ್ನ ಎರಡು ಬೇಳೆಗಳನ್ನು ಮಣ್ಣಿನಿಂದ ಮೇಲಕ್ಕೆ ಹೊತ್ತು ತರುತ್ತದೆ. ಕಡಲೆ ಬೇಳೆಯನ್ನು ಮಣ್ಣಿನೊಳಗೇ ಬಿಟ್ಟು, ಬರೀ ಚಿಗುರನ್ನು ಕಳಿಸುತ್ತದೆ. ಡಬ್ಬಿಯಲ್ಲಿ ನೋಡುವ ಬೇಳೆ ಮರಿಗಿಡದ ಬುತ್ತಿ ಎಂದು ಮಕ್ಕಳಿಗೆ ಹೊಳೆಯುವ ಗಳಿಗೆ ತುಂಬಾ ಚೆಂದ. ದ್ವಿದಳ ಅನ್ನುವ ಪದವನ್ನು ಆಗ ಹೇಳಿ, ಮೊದಲೇ ಬೇಡ. ಜೊತೆಗೆ ಒಂದು ಮುಸುಕಿನ ಜೋಳದ ಕಾಳು ಕೊಟ್ಟು, ಇದನ್ನೂ ಎರಡು ಬೇಳೆಯಾಗಿ ಬಿಡಿಸು ಎನ್ನಿ. ಬರುವುದಿಲ್ಲ. ಏಕದಳದ ಪಾಠ ಅಲ್ಲಿಗೆ ಮುಗಿಯಿತು.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾತಾಗಿದ್ದು ಕಪಾಟಿನ ಕುಂಡದ ಬಗ್ಗೆ. ಒಂದು ಕುಂಡ ಕಿಟಕಿಯ ಹತ್ತಿರ, ಇನ್ನೊಂದು ಕತ್ತಲ ಕಪಾಟಿನಲ್ಲಿ. ಎರಡಕ್ಕೂ ಅದೇ ಮಣ್ಣು, ಅಷ್ಟೇ ಕಾಳು, ಅಷ್ಟೇ ನೀರು. ‘ಕತ್ತಲಲ್ಲಿ ಇಟ್ಟಿದ್ದು ಬೆಳೆಯೋದೇ ಇಲ್ಲ’ ಎಂದು ಇಬ್ಬರೂ ಬರೆದಿದ್ದರು. ವಾರದ ನಂತರ ಬಾಗಿಲು ತೆಗೆದರೆ, ಕಪಾಟಿನ ಸಸಿಗಳೇ ಎತ್ತರ! ಮಗಳು ಸ್ಕೇಲ್ ತಂದು ಮೂರು ಸಲ ಅಳೆದಳು. ಆಮೇಲೆ ನಿಧಾನವಾಗಿ ಒಂದೊಂದೇ ಕಣ್ಣಿಗೆ ಬಿತ್ತು: ಕಾಂಡ ತೆಳ್ಳಗಿದೆ, ಬಣ್ಣ ಹಳದಿ, ಎಲೆ ಪುಟ್ಟದು, ನೆಟ್ಟಗೆ ನಿಲ್ಲಲು ಶಕ್ತಿಯಿಲ್ಲ. ಬೇಳೆಯಲ್ಲಿದ್ದ ಬುತ್ತಿಯನ್ನೆಲ್ಲ ಬೆಳಕು ಹುಡುಕಿಕೊಂಡು ಉದ್ದವಾಗುವುದಕ್ಕೇ ಖರ್ಚು ಮಾಡಿದೆ. ಬೆಳಕಿಗೆ ತಂದಿಟ್ಟರೆ ಒಂದೆರಡು ದಿನದಲ್ಲಿ ಹಸಿರಾಗುತ್ತದೆ. ‘ಎತ್ತರ ಇದ್ರೆ ಚೆನ್ನಾಗಿದೆ ಅಂತ ಅಲ್ಲ’ ಎಂದು ಅವಳೇ ನೋಟ್‌ಬುಕ್ಕಿನಲ್ಲಿ ಬರೆದಳು. ನಾನು ಹೇಳಿಕೊಟ್ಟಿದ್ದಲ್ಲ.

ಊಹೆ ತಪ್ಪಾದರೆ ಕೆಲವು ಮಕ್ಕಳಿಗೆ ಅಳು ಬರುತ್ತದೆ. ನನ್ನ ಮಗನಿಗೂ ಬರುತ್ತಿತ್ತು. ಅವನಿಗೆ ವಾನ್ ಹೆಲ್ಮಾಂಟ್ ಅನ್ನುವ ವಿಜ್ಞಾನಿಯ ಕತೆ ಹೇಳಿದೆ. ಗಿಡದ ತೂಕ ಎಲ್ಲಿಂದ ಬರುತ್ತೆ ಎಂದು ಆತ ಪರೀಕ್ಷೆ ಮಾಡಿದ. ಸುಮಾರು 90 ಕೆ.ಜಿ. ಒಣಮಣ್ಣಿನಲ್ಲಿ, ಎರಡು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ತೂಗುವ ವಿಲೋ ಸಸಿ ನೆಟ್ಟು, 5 ವರ್ಷ ನೀರು ಹಾಕಿದ. ಮರ ಸುಮಾರು 76 ಕೆ.ಜಿ. ಆಯಿತು. ಮಣ್ಣು ಕಡಿಮೆಯಾಗಿದ್ದು ಅಂದಾಜು 60 ಗ್ರಾಂ ಅಷ್ಟೇ. ಹಾಗಾದರೆ ಮರವೆಲ್ಲ ನೀರಿನಿಂದಲೇ ಆಗಿದೆ ಎಂದು ಆತ ತೀರ್ಮಾನಿಸಿದ. ಈ ಬರಹ ಅಚ್ಚಾಗಿದ್ದು 1648ರಲ್ಲಿ, ಆತ ತೀರಿಕೊಂಡ ಮೇಲೆ. ತೂಕ ಸರಿಯಾಗಿಯೇ ನೋಡಿದ್ದ, ಆದರೆ ಗಾಳಿಯನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಗಿಡ ತನ್ನ ಮೈ ಕಟ್ಟಿಕೊಳ್ಳುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ. ಮಗ ತುಂಬಾ ಹೊತ್ತು ಸುಮ್ನೆ ಕುಳಿತಿದ್ದ. ಆಮೇಲೆ, ‘ಅವ್ರೂ ಅಳಿಸಲಿಲ್ವಾ?’ ಎಂದು ಕೇಳಿದ.

ಗಣಿತಕ್ಕೆ ದಿನಾ ಒಂದೇ ಹೊತ್ತಿಗೆ ಎತ್ತರ ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿಸಿ. ಮೊಳಕೆ ಮಣ್ಣಿನಿಂದ ಮೇಲೆ ಬರುವವರೆಗಿನ ದಿನಗಳಿಗೂ ಸೊನ್ನೆಯ ಚುಕ್ಕೆ ಇರಲಿ, ಬಿಡಬೇಡಿ. ಎಲ್ಲಿಂದ ಎಲ್ಲಿವರೆಗೆ ಅಳೆಯಬೇಕು ಎಂಬ ಜಗಳ ಖಂಡಿತ ಬರುತ್ತದೆ. ಅವರೇ ನಿಯಮ ಮಾಡಿಕೊಳ್ಳಲಿ. ಹತ್ತು ವರ್ಷದ ಮಗುವಿಗೆ ನಾಲ್ಕು ಗಿಡಗಳ ಸರಾಸರಿ ತೆಗೆಯಲು ಕೊಡಿ. ಏಳು ವರ್ಷದ್ದಕ್ಕೆ ದಾರದಲ್ಲಿ ಅಳೆದು, ಕತ್ತರಿಸಿ, ಹಾಳೆಗೆ ಅಂಟಿಸಿದರೆ ಸಾಕು. ಭಾಷೆಗೆ ಬೇರೆ ಏನೂ ಬೇಕಿಲ್ಲ, ಆ ನೋಟ್‌ಬುಕ್ಕೇ ಸಾಕು. ಅದರಲ್ಲಿ ಕೆಂಪು ಪೆನ್ ಮಾತ್ರ ಆಡಿಸಬೇಡಿ.

ಎರಡು ಎಚ್ಚರಿಕೆ. ಬಿತ್ತನೆಗೆಂದು ಮಾರುವ ಬೀಜಕ್ಕೆ ಕೆಲವೊಮ್ಮೆ ಔಷಧ ಲೇಪಿಸಿರುತ್ತಾರೆ, ಗುಲಾಬಿಯಂಥ ಬಣ್ಣ ಇರುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಬೇಡಿ, ಅಡುಗೆಮನೆಯ ಕಾಳೇ ಒಳ್ಳೆಯದು. ಮತ್ತೆ, ಮಕ್ಕಳು ಪ್ರೀತಿಯಿಂದ ನೀರು ಜಾಸ್ತಿ ಹಾಕುತ್ತಾರೆ. ಬೀಜಕ್ಕೂ ಗಾಳಿ ಬೇಕು, ನೀರಲ್ಲಿ ಮುಳುಗಿದ್ದರೆ ಕೊಳೆಯುತ್ತದೆ. ಬೇಕಿದ್ದರೆ ಒಂದು ಲೋಟದಲ್ಲಿ ನಾಲ್ಕು ಕಾಳು ಮುಳುಗಿಸಿಟ್ಟು, ಏನಾಗುತ್ತೆ ಅಂತ ಅವರ ಊಹೆ ಬರೆಸಿ.