ಡೇರೆ ಹೂವಿಗೆ ಹೆಸರು ಕಣಿವೆಯಿಂದ ಬಂದದ್ದಲ್ಲ

ನಮಸ್ಕಾರ.

ಸಾಗರದಿಂದ ನೀವು ಕಳಿಸಿದ ‘ಕಣಿವೆಯ ಹೂ’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸುವುದು ಸಾಧ್ಯವಿಲ್ಲ. ಆದರೆ ತಿದ್ದಿ ಮತ್ತೆ ಕಳಿಸಿ, ದಯವಿಟ್ಟು.

ನಮ್ಮ ಡೇರೆ ಹೂವಿನ ಇನ್ನೊಂದು ಹೆಸರಾದ ಡೇಲಿಯಾ ಎಂದರೆ ಕಣಿವೆಯ ಹೂ, ಹಾಗಾಗಿ ಅದಕ್ಕೂ ಮಲೆನಾಡಿಗೂ ಹುಟ್ಟಿನಿಂದಲೇ ನಂಟು ಎಂದಿದ್ದೀರಿ. ಮಕ್ಕಳಿಗೆ ಇಡುವ ಹೆಸರುಗಳ ಪಟ್ಟಿಯಲ್ಲಿ ಈ ಅರ್ಥ ಸಿಗುತ್ತದೆ. ಸ್ವೀಡಿಷ್ ಭಾಷೆಯಲ್ಲಿ ‘ದಾಲ್’ ಎಂದರೆ ಕಣಿವೆಯೂ ಹೌದು. ಆದರೆ ಹೂವಿಗೆ ಹೆಸರು ಕೊಟ್ಟದ್ದು ಕಣಿವೆಯಲ್ಲ, ಒಬ್ಬ ಮನುಷ್ಯ: ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಶಿಷ್ಯ ಆಂಡರ್ಸ್ ದಾಲ್. ಮೆಕ್ಸಿಕೋದಿಂದ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಬಂದ ಗಿಡಕ್ಕೆ ಕವನಿಲ್ಯೆಸ್ ಎಂಬ ಸಸ್ಯವಿಜ್ಞಾನಿ 1791ರಲ್ಲಿ ಅವನ ಹೆಸರಿಟ್ಟ. ದಾಲ್ 1789ರಲ್ಲೇ ತೀರಿಕೊಂಡಿದ್ದ. ಮುಂದೆ ಜರ್ಮನಿಯ ಸಸ್ಯವಿಜ್ಞಾನಿ ವಿಲ್ಡೆನೋ ಇದೇ ಗಿಡವನ್ನು ‘ಜಾರ್ಜಿನಾ’ ಎಂದು ಕರೆದ; ರಷ್ಯಾದ ಕಡೆ ಇಂದಿಗೂ ಆ ಹೆಸರೇ ಬಳಕೆಯಲ್ಲಿದೆ.

ಇವೆಲ್ಲಕ್ಕಿಂತ ಹಳೆಯದು ಮೆಕ್ಸಿಕೋದ ಮೂಲ ಜನರಿಟ್ಟ ಹೆಸರು, ‘ಅಕೊಕೊತ್ಲಿ’. ನೀರಿನ ಕೊಳವೆ ಎಂಬಂಥ ಅರ್ಥ. ನಿಮ್ಮ ಅಂಗಳದ ಡೇರೆ ದಂಟನ್ನು ಮುರಿದು ನೋಡಿ, ಒಳಗೆ ಟೊಳ್ಳು. ಆಷಾಢದ ಗಾಳಿಮಳೆಗೆ ಅದು ಲಟಕ್ಕನೆ ಮುರಿಯುವುದೂ, ಅಡಕೆ ದಬ್ಬೆ ಊರಿ ಕಟ್ಟಬೇಕಾಗುವುದೂ ಅದಕ್ಕೇ. ಈ ಹೆಸರು ಇಟ್ಟವರು ಗಿಡವನ್ನು ಮುಟ್ಟಿ ಬಲ್ಲವರು. ಮಲೆನಾಡಿನ ನಂಟು ಬೇಕೆಂದರೆ ಇಲ್ಲಿ ಹುಡುಕಿ.

ಇನ್ನೊಂದು ಮಾತು, ನೇರವಾಗಿಯೇ ಹೇಳುತ್ತೇನೆ. ಪ್ರಕೃತಿಮಾತೆ, ಹಸಿರು ಸೀರೆ, ಮಂಜಿನ ಮುಸುಕು ಎನ್ನುತ್ತಲೇ ಎರಡು ಪುಟ ಮುಗಿದಿವೆ. ಅವನ್ನು ಯಾರು ಬೇಕಾದರೂ ಬರೆದಾರು. ಆದರೆ ಕೊನೆಯಲ್ಲಿ ‘ಅಮ್ಮ ಮಳೆಗಾಲಕ್ಕೆ ಮೊದಲು ಗೆಡ್ಡೆ ಬಿಡಿಸಿ ನೆಂಟರಿಗೆ ಹಂಚುತ್ತಿದ್ದಳು’ ಎಂದು ಒಂದೇ ಸಾಲು ಬರೆದು ಬಿಟ್ಟುಬಿಟ್ಟಿದ್ದೀರಲ್ಲ, ಅದು ನನ್ನನ್ನು ಹಿಡಿದು ನಿಲ್ಲಿಸಿತು. ಗೆಡ್ಡೆ ಎಷ್ಟೇ ದಪ್ಪವಿರಲಿ, ದಂಟಿನ ಬುಡದಲ್ಲಿರುವ ಮೊಳಕೆಯ ಕಣ್ಣು ಸೇರಿಸಿ ಬಿಡಿಸದಿದ್ದರೆ ಚಿಗುರುವುದಿಲ್ಲ. ನಿಮ್ಮ ಅಮ್ಮ ಅದನ್ನು ಹೇಗೆ ಗುರುತಿಸುತ್ತಿದ್ದರು? ಯಾವ ಬಣ್ಣದ ಗೆಡ್ಡೆಯನ್ನು ಯಾರಿಗೂ ಕೊಡುತ್ತಿರಲಿಲ್ಲ? ಅತ್ತಿಗೆಯ ಮನೆಯಿಂದ ಬಂದ ಗಿಡಕ್ಕೆ ಮನೆಯಲ್ಲಿ ಬೇರೆ ಹೆಸರಿತ್ತೇ? ಅವರನ್ನೇ ಕೂರಿಸಿಕೊಂಡು ಕೇಳಿ. ಆಂಡರ್ಸ್ ದಾಲ್‌ಗೆ ಒಂದು ಪ್ಯಾರಾ ಸಾಕು.

ಚೌತಿಯ ಹೊತ್ತಿಗೆ ಅಂಗಳದಲ್ಲಿ ಹೂವಿರುತ್ತದೆ. ಅಷ್ಟರೊಳಗೆ ಬಂದರೆ ಆ ಸಂಚಿಕೆಯಲ್ಲೇ ಹಾಕೋಣ.

ಇಂತಿ,
ಸಂಪಾದಕ