ತೋಳದ ಬೆನ್ನು ಹತ್ತುವ ಕಾಗೆ

ಪ್ರಶ್ನೆ: ಅಮೆರಿಕದ ಕಾಡುಗಳಲ್ಲಿ ತೋಳಕ್ಕೂ ರೇವನ್ ಎಂಬ ದೊಡ್ಡ ಕಾಗೆಗೂ ಗೆಳೆತನವಿದೆ ಎಂದು ಓದಿದೆ. ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಸುತ್ತಲಿನ ನಮ್ಮ ಕುರಿಗಾಹಿಗಳು ಕೂಡ, ಹೊಲದಲ್ಲಿ ಕಾಗೆಗಳು ಗುಂಪುಗೂಡಿದರೆ ತೋಳ ಕುರಿ ಹಿಡಿದಿದೆ ಎನ್ನುತ್ತಾರೆ. ಎರಡೂ ಒಂದೇ ಸಂಗತಿಯೇ?
– ಓದುಗರೊಬ್ಬರು, ಬೀಳಗಿ

ಉತ್ತರ: ಒಂದೇ ಅಲ್ಲ. ರೇವನ್ ನಮ್ಮ ಊರುಕಾಗೆಗಿಂತ ಬಹಳ ದೊಡ್ಡದಾಗಿದ್ದು ಒಂದು ಕಿಲೋಗ್ರಾಂಗೂ ಹೆಚ್ಚು ತೂಗುವ ಹಕ್ಕಿಯಾದರೂ, ಸತ್ತ ಎಲ್ಕ್ ಜಿಂಕೆಯ ದಪ್ಪ ತೊಗಲನ್ನು ಸೀಳುವ ಬಲ ಅದರ ಕೊಕ್ಕಿಗಿಲ್ಲ. ಆ ಕೆಲಸಕ್ಕೆ ತೋಳದ ಹಲ್ಲೇ ಬೇಕು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟ ಮೇಲೆ ಅಲ್ಲಿನ ಸಂಶೋಧಕರು ಗಮನಿಸಿದಂತೆ, ಚಳಿಗಾಲದಲ್ಲಿ ತೋಳಗಳು ನಡೆಯುವಾಗ, ಮಲಗಿರುವಾಗ, ಬೇಟೆಯಾಡುವಾಗಲೂ ರೇವನ್‌ಗಳು ಹತ್ತಿರದಲ್ಲೇ ಇರುತ್ತಿದ್ದವು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಸಂಶೋಧಕರು ತಾವೇ ತಂದಿಟ್ಟ ಕಳೇಬರಗಳನ್ನು ಈ ಹಕ್ಕಿಗಳು ಬೇಗನೆ ಪತ್ತೆಹಚ್ಚಿದರೂ ಬಹಳಷ್ಟು ಕಡೆ ಇಳಿದು ತಿನ್ನಲು ಹಿಂಜರಿದವು. ಪಕ್ಕದಲ್ಲಿ ತೋಳಗಳು ತಿನ್ನುತ್ತಿದ್ದರೆ ಮಾತ್ರ ಆ ಅಂಜಿಕೆ ಇರುತ್ತಿರಲಿಲ್ಲ.

ತೋಳಕ್ಕೆ ಇದರಿಂದ ನಷ್ಟವೇ ಹೆಚ್ಚು. ರೇವನ್ ಹೊಟ್ಟೆ ತುಂಬುವಷ್ಟು ತಿಂದು ಸುಮ್ಮನಾಗದೆ, ಮಾಂಸದ ತುಣುಕುಗಳನ್ನು ಹೊತ್ತೊಯ್ದು ಬಚ್ಚಿಡುತ್ತದೆ. ಒಂದೆರಡೇ ತೋಳಗಳಿದ್ದರೆ ದೊಡ್ಡ ಬೇಟೆಯನ್ನು ತಿಂದು ಮುಗಿಸಲು ದಿನಗಳೇ ಬೇಕಾಗುವುದರಿಂದ ಸಾಕಷ್ಟು ಮಾಂಸ ಹಕ್ಕಿಗಳ ಪಾಲಾಗುತ್ತದೆ; ತೋಳಗಳು ದೊಡ್ಡ ಗುಂಪಿನಲ್ಲಿ ಬಾಳುವುದಕ್ಕೆ ಇದೂ ಒಂದು ಕಾರಣವೆಂದು ಅಮೆರಿಕದ ಸುಪೀರಿಯರ್ ಸರೋವರದಲ್ಲಿರುವ ಐಲ್ ರಾಯಲ್ ದ್ವೀಪದ ತೋಳಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ವಾದಿಸಿದ್ದಾರೆ. ಇಷ್ಟಾದರೂ ರೇವನ್‌ಗಳು ತೋಳದ ಮರಿಗಳ ಬಾಲವನ್ನು ಕೊಕ್ಕಿನಿಂದೆಳೆದು ಹಾರುವುದನ್ನೂ, ಮರಿಗಳು ಅವನ್ನು ಅಟ್ಟಿಸಿಕೊಂಡು ಹೋಗುವುದನ್ನೂ ನೋಡಿದವರಿದ್ದಾರೆ. ಅದನ್ನು ಆಟವೆನ್ನಲು ನನಗೆ ಸಂಕೋಚವಿಲ್ಲ.

ಬಾಗಲಕೋಟೆಯ ಬಯಲಿನಲ್ಲಿ ರೇವನ್ ಇಲ್ಲ. ಭಾರತದಲ್ಲಿ ಅದನ್ನು ನೋಡಲು ರಾಜಸ್ಥಾನಕ್ಕೋ ಹಿಮಾಲಯಕ್ಕೋ ಹೋಗಬೇಕು. ನಮ್ಮಲ್ಲಿರುವ ಊರುಕಾಗೆ, ಕಾಡುಕಾಗೆಗಳು ಸತ್ತ ಪ್ರಾಣಿ ಎಲ್ಲಿದ್ದರೂ ಬರುತ್ತವೆ. ನಮ್ಮ ತೋಳಗಳೋ ಸಣ್ಣ ಗುಂಪುಗಳಲ್ಲಿ ತಿರುಗಿ ಮೊಲ, ಇಲಿ, ಕುರಿಮರಿಗಳಂಥ ಸಣ್ಣ ಪ್ರಾಣಿಗಳನ್ನು ಹಿಡಿಯುವುದೇ ಹೆಚ್ಚಾದ್ದರಿಂದ, ಹಿಂಬಾಲಿಸಿದ ಹಕ್ಕಿಗಳಿಗೆ ಉಳಿಯುವುದು ಅತ್ಯಲ್ಪ. ಆದ್ದರಿಂದ ಕಾಗೆಗಳು ಸೇರಿದ್ದನ್ನಷ್ಟೇ ನೋಡಿ ತೋಳದ ಮೇಲೆ ಅಪರಾಧ ಹೊರಿಸಬಾರದೆಂದು ಕುರಿಗಾಹಿಗಳಲ್ಲಿ ನನ್ನ ವಿನಂತಿ: ಬೀದಿನಾಯಿಗಳು ಕೊಂದ ಕುರಿಯ ಮೇಲೂ, ರೋಗದಿಂದ ಸತ್ತ ಕುರಿಯ ಮೇಲೂ ಕಾಗೆಗಳು ಹೀಗೆಯೇ ಇಳಿಯುತ್ತವೆ.