ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೇರಿಂಗ್ ನಡುಗುತ್ತದೆ, ನಾಲ್ಕೂ ಟೈರ್ ಬದಲಿಸಲೇಬೇಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಇದೇ ಕಥೆ ನನ್ನದೂ ಆಗಿತ್ತು. ನಿಮ್ಮದು ಸೆಕೆಂಡ್‌ಹ್ಯಾಂಡ್ ಕಾರು, ದಿನಾ ತೀರ್ಥಹಳ್ಳಿ–ಶಿವಮೊಗ್ಗ ಓಡಾಟ, ವೇಗ 70 ದಾಟಿದರೆ ಸ್ಟೇರಿಂಗ್ ಗಡಗಡ. ಬ್ಯಾಲೆನ್ಸಿಂಗ್ ಮಾಡಿಸಿದ ದಿನ ಸರಿ, ವಾರಕ್ಕೆ ಮತ್ತೆ ಅದೇ ಅಂದಿದ್ದೀರಿ. ಮನೆಗೆ ಹೋಗುವ ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ದಾರಿ ಅಂತಲೂ ಬರೆದಿದ್ದೀರಿ. ನನಗೆ ಅನುಮಾನ ಇರುವುದು ಆ ಒಂದು ಕಿಲೋಮೀಟರ್ ಮೇಲೆಯೇ.

ನಾನು ಮೆಕ್ಯಾನಿಕ್ ಅಲ್ಲ, ಅಡಿಕೆ ತೋಟದವನು. ನಮ್ಮ ಮನೆ ದಾರಿಯೂ ಕೆಮ್ಮಣ್ಣಿನದು. ಆರಿದ್ರಾ ಮಳೆ ಹಿಡಿಯಿತು ಅಂದರೆ ಅದು ದಾರಿಯಲ್ಲ, ನಾಟಿಗೆ ಹದ ಮಾಡಿದ ಗದ್ದೆ. ಆ ಕೆಸರು ಚಕ್ರದ ಹೊರಗೆ ಮೆತ್ತಿದ್ದು ಕಾಣುತ್ತದೆ, ತೊಳೆಯುತ್ತೇವೆ. ರಿಮ್ಮಿನ ಒಳಮಗ್ಗುಲಲ್ಲಿ ಮೆತ್ತಿದ್ದು ಯಾರಿಗೂ ಕಾಣುವುದಿಲ್ಲ. ರಾತ್ರಿ ಕಾರು ನಿಂತಾಗ ಹಸಿ ಕೆಸರು ಕೆಳಗೆ ಜಾರಿ, ಚಕ್ರದ ಒಂದೇ ಕಡೆ ಕೂತು ಒಣಗುತ್ತದೆ. ಬೆಳಿಗ್ಗೆ ಆ ಕಡೆ ಭಾರ ಜಾಸ್ತಿ. ಬ್ಯಾಲೆನ್ಸಿಂಗ್ ಮಾಡುವವರು ಚಕ್ರದ ಭಾರ ಸುತ್ತಲೂ ಸಮ ಆಗಲಿ ಅಂತ ಐದು ಗ್ರಾಂ, ಹತ್ತು ಗ್ರಾಂ ಲೆಕ್ಕದಲ್ಲಿ ತೂಕದ ಬಿಲ್ಲೆ ಅಂಟಿಸುತ್ತಾರೆ. ನನ್ನ ಮುಂದಿನ ಎಡ ಚಕ್ರದಿಂದ ಕೆರೆದು ತೆಗೆದ ಮಣ್ಣು ಎರಡು ಹಿಡಿ ಇತ್ತು!

ಇನ್ನೊಂದು ತಮಾಷೆ ಇದೆ. ಮಣ್ಣು ತೆಗೆಯದೆ ಬ್ಯಾಲೆನ್ಸಿಂಗ್ ಮಾಡಿದರೆ, ಮೆಷಿನ್ ಆ ಮಣ್ಣನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ನಾಲ್ಕು ದಿನ ಬಿಟ್ಟು ಮಣ್ಣಿನ ಹೆಂಟೆ ಉದುರಿ ಹೋಗುತ್ತದೆ, ಬಿಲ್ಲೆ ಮಾತ್ರ ಉಳಿಯುತ್ತದೆ. ಮತ್ತೆ ನಡುಕ. ಕೆಸರಿನ ಮೇಲೆ ಅಂಟಿಸಿದ ಬಿಲ್ಲೆ ತಾನೇ ಬಿದ್ದು ಹೋಗುವುದೂ ಉಂಟು. ನಿಮ್ಮ 'ವಾರಕ್ಕೆ ಮತ್ತೆ ಅದೇ'ಗೆ ಇದೇ ಕಾರಣ ಇರಬಹುದು. ಹಾಗಾಗಿ ಮೊದಲು ನಾಲ್ಕೂ ಚಕ್ರ ಬಿಚ್ಚಿಸಿ, ಒಳಗಡೆ ನೀರು ಬಿಟ್ಟು ಉಜ್ಜಿ ತೊಳೆಸಿ. ಆಮೇಲೆ ಬ್ಯಾಲೆನ್ಸಿಂಗ್. ಖರ್ಚು ಇಷ್ಟೇ.

ಚಕ್ರ ಬಿಚ್ಚಿದಾಗ ಸುಮ್ನೆ ನಿಲ್ಲಬೇಡಿ, ಟೈರಿನ ಒಳಗೋಡೆಯನ್ನು, ಅಂದರೆ ಕಾರಿನ ಕಡೆಗಿರುವ ಮಗ್ಗುಲನ್ನು, ಒಂದು ಸುತ್ತು ಕೈಯಿಂದ ಸವರಿ ನೋಡಿ. ಮಂಡಗದ್ದೆ ಹತ್ತಿರ ಒಂದು ಸಲ ನೀರು ತುಂಬಿದ ಗುಂಡಿಗೆ ಚಕ್ರ ಇಳಿಸಿದ್ದೆ. ಇಳಿದು ನೋಡಿದೆ, ಹೊರಗಡೆ ಏನೂ ಇಲ್ಲ. ಎರಡು ವಾರದ ಮೇಲೆ ಪಂಕ್ಚರ್ ಹಾಕಿಸುವಾಗ ನೋಡಿದರೆ ಒಳಗಡೆ ನಿಂಬೆಹಣ್ಣಿನ ಗಾತ್ರದ ಉಬ್ಬು. ಟೈರಿನ ಗೋಡೆಯೊಳಗಿನ ನೂಲು ಹರಿದಾಗ ಗಾಳಿ ಹೀಗೆ ಉಬ್ಬಿಸುತ್ತದೆ. ಅದಕ್ಕೆ ರಿಪೇರಿ ಇಲ್ಲ. ಅದೇ ಟೈರಿನಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿದು ಬಂದಿದ್ದೆ ಅಂತ ನೆನೆದರೆ ಈಗಲೂ ಬೆವರುತ್ತೇನೆ. ಉಬ್ಬು ಸಿಕ್ಕರೆ ಆ ಟೈರ್ ಬದಲಿಸಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಹಾಗೇ ರಿಮ್ಮಿನ ಒಳ ಅಂಚು ಸೊಟ್ಟ ಆಗಿದೆಯಾ ನೋಡಿ. ಅದು ಸೊಟ್ಟ ಇದ್ದರೂ ನಡುಗುತ್ತದೆ, ಗಾಳಿಯೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ.

ಬ್ರೇಕ್ ಹಿಡಿದಾಗ ಮಾತ್ರ ನಡುಗಿದರೆ ಅದು ಟೈರಿನದ್ದಲ್ಲ, ಬ್ರೇಕ್ ಡಿಸ್ಕ್ ನೋಡಿಸಿ. ಸ್ಟೇರಿಂಗ್ ಸುಮ್ಮನಿದ್ದು ಸೀಟು ನಡುಗಿದರೆ ಸಾಮಾನ್ಯವಾಗಿ ಹಿಂದಿನ ಚಕ್ರ. ವೇಗ ಹೆಚ್ಚಿದ ಹಾಗೆ 'ಹೂಂ' ಅಂತ ಸದ್ದು ಜೋರಾಗಿ, ತಿರುವಿನಲ್ಲಿ ಸದ್ದು ಬದಲಾದರೆ ಬೇರಿಂಗ್.

ಇನ್ನು ಬಟನ್, ಅಂದರೆ ನೆಲಕ್ಕೆ ತಾಗುವ ಗೀರು ಬಿದ್ದ ರಬ್ಬರಿನ ಸವೆತ. ಒಂದೇ ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರ ನಿಲ್ಲುವ ಕೋನ, ತಪ್ಪಿದೆ. ನಡುವೆ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಆದರೆ ನಮ್ಮ ಕಡೆಯ ಕಾರುಗಳಲ್ಲಿ ಮುಂದಿನ ಎರಡೂ ಟೈರಿನ ಹೊರ ಅಂಚು ಬೇಗ ಹೋಗುತ್ತದೆ. ದಿನಾ ತಿರುವಿನಲ್ಲೇ ಓಡಿದರೆ ಹಾಗೆಯೇ. ಅದನ್ನು ತೋರಿಸಿ ಹೆದರಿಸುವವರ ಮಾತಿಗೆ ಮರುಳಾಗಬೇಡಿ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಹಾಕಿಸಿ.

ಗಾಳಿಯ ಲೆಕ್ಕ ಚಾಲಕನ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ. ಟೈರ್ ತಣ್ಣಗಿರುವಾಗ ನೋಡಬೇಕು. ಶಿವಮೊಗ್ಗದ ಮಧ್ಯಾಹ್ನದ ಬಿಸಿಲಲ್ಲಿ, ಅರವತ್ತು ಕಿಲೋಮೀಟರ್ ಓಡಿ ಬಂದ ಟೈರಿಗೆ ಸರಿಯಾಗಿ 33 ಪಿಎಸ್‌ಐ ಗಾಳಿ ಹಿಡಿಸಿದರೆ, ಮಾರನೇ ಬೆಳಿಗ್ಗೆ ತೀರ್ಥಹಳ್ಳಿ ಚಳಿಯಲ್ಲಿ ಅದು ಮೂರ್ನಾಲ್ಕು ಕಡಿಮೆ ತೋರಿಸುತ್ತದೆ.

ನಾಲ್ಕೂ ಬದಲಿಸಬೇಕಾ ಅಂದಿರಲ್ಲ. ಬಟನ್ ಸಂದಿಯಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತದೆ. ಸವೆದು ಅದಕ್ಕೆ ಸಮ ಆದರೆ ಉಳಿದಿರುವುದು 1.6 ಮಿಲಿಮೀಟರ್. ಕಾನೂನಿನ ಮಿತಿ ಅದೇ. ನಮ್ಮ ಮಳೆಗೆ ಅದು ಸಾಲದು. ರಸ್ತೆ ಮೇಲೆ ನೀರು ನಿಂತರೆ ಟೈರ್ ತೇಲುತ್ತದೆ, ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರ ಆಗುತ್ತದೆ. ನಾನು 3 ಮಿಲಿಮೀಟರಿಗೇ ಬದಲಿಸುತ್ತೇನೆ. ಎರಡೇ ಟೈರಿಗೆ ದುಡ್ಡಿದ್ದರೆ ಹೊಸದನ್ನು ಹಿಂದೆ ಹಾಕಿಸಿ. ಅಂಗಡಿಯವರು ಮುಂದೆ ಅಂತಾರೆ, ಆದರೆ ಮಳೆಯಲ್ಲಿ ತಿರುವಿನಲ್ಲಿ ಹಿಂಭಾಗ ಜಾರಿದರೆ ನಮ್ಮಂಥವರ ಕೈಗೆ ಕಾರು ಸಿಗುವುದಿಲ್ಲ.

ನಟ್ ಬಿಗಿಯುವಾಗ ಹತ್ತಿರವೇ ನಿಲ್ಲಿ. ಒಂದು ಅಂಗಡಿಯಲ್ಲಿ ನಟ್ ತಿರುಗಿಸುವ ಗನ್ ಹಿಡಿದು ಎಷ್ಟು ಬಿಗಿದಿದ್ದರು ಅಂದರೆ, ಮುಂದೆ ಜಡಿಮಳೆಯಲ್ಲಿ ಪಂಕ್ಚರ್ ಆದಾಗ ನನ್ನ ಪಾನಾಕ್ಕೆ ಒಂದು ನಟ್ಟೂ ಬಗ್ಗಲಿಲ್ಲ. ಪಾನಾ ಮೇಲೆ ನಿಂತು ಕುಣಿದೆ. ಅಷ್ಟರಲ್ಲಿ ಕಾಲಿಗೆ ಉಂಬಳ (ಜಿಗಣೆ). ಕೊನೆಗೆ ಒಬ್ಬ ಲಾರಿಯವರು ಕಬ್ಬಿಣದ ಪೈಪ್ ಕೊಟ್ಟರು. ಈಗ ಮನೆಗೆ ಬಂದ ಮೇಲೆ ನನ್ನದೇ ಪಾನಾದಲ್ಲಿ ಒಂದು ಸಲ ಬಿಚ್ಚಿ, ಎದುರುಬದುರು ನಟ್ ಹಿಡಿದು ಬಿಗಿಯುತ್ತೇನೆ.

ಹಾಂ, ಟೈರಿನ ವಯಸ್ಸು ನೋಡಿದ್ದೀರಾ? ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಎಷ್ಟೋ ಟೈರಿನಲ್ಲಿ ಇದು ಒಂದೇ ಮಗ್ಗುಲಲ್ಲಿ ಇರುತ್ತದೆ, ಅದೂ ಒಳಗಡೆಗೆ ತಿರುಗಿರಬಹುದು. ಆರು ವರ್ಷ ದಾಟಿ ಬಿರುಕು ಬಿಟ್ಟಿದ್ದರೆ, ಬಟನ್ ಎಷ್ಟೇ ಇರಲಿ, ತೆಗೆಸಿ. ಸ್ಟೆಪ್ನಿಯದ್ದೂ ನೋಡಿ. ನನ್ನ ಕಾರು 2016ರದ್ದು, ಡಿಕ್ಕಿಯಲ್ಲಿ ಇದ್ದ ಸ್ಟೆಪ್ನಿ 2011ರದ್ದು.